ಹಯಾತನ ಬರ್ಕತ್ತಿನ ಸುತ್ತು

ಅಲ್ಲ, ಅದು ಪಂಪಿನ ಮೋಟಾರಿನದಲ್ಲ, ಕೆಳಗಿಡು. ಟೇಪನ್ನು ಉಗುರಿನಿಂದ ಕೆರೆಯಬೇಡ, ಹರಿದರೆ ಮುಗಿದೇ ಹೋಯಿತು. ಆ ಚೀಲದಲ್ಲಿ ಇರುವುದು ಎರಡೇ ಸುರುಳಿ. ಒಂದು ಹಯಾತ ಸುತ್ತಿದ್ದು, ಇನ್ನೊಂದು ಅವನ ಅಕ್ಕನ ಮಗಳು ತಸ್ಲೀಮಾ ಸುತ್ತಿದ್ದು. ಎರಡೂ ತಾಮ್ರದವೇ, ಎರಡೂ ಅಂಗೈ ಅಗಲದವೇ. ನೋಡಿದರೆ ಎರಡೂ ಒಂದೇ ಅಂತೀಯಲ್ಲ? ಓದಿದವರಿಗೂ ಹಾಗೇ ಕಂಡವು. ಕೂತುಕೋ. ಚಹಾ ಆಮೇಲೆ ಇಡುತ್ತೇನೆ. ಹಯಾತ ಯಾರು, ಏನಾಯಿತು ಅನ್ನುವುದನ್ನು ಕೇಳದೆ ನೀನು ಈ ಚೀಲ ಎತ್ತಬಾರದು.

ಸವಣೂರಿನ ಎಲೆತೋಟದವರನ್ನು ಯಾರನ್ನೇ ಕೇಳು, ಮೋಟಾರು ಸುಟ್ಟರೆ ಹಯಾತನ ಅಂಗಡಿ ಅನ್ನುತ್ತಾರೆ. ಈಗ ಅಲ್ಲ, ಮೊದಲು ಅನ್ನುತ್ತಿದ್ದರು. ಎರಡು ಮಂಚ ಹಾಕಿದರೆ ತುಂಬಿಹೋಗುವಂಥ ಅಂಗಡಿ, ಎದುರಿಗೆ ನನ್ನ ಕಟ್ಟೆ. ಹಾನಗಲ್ಲ ಕಡೆಯ ಭತ್ತದ ಗದ್ದೆಯವರು ಸುಟ್ಟ ಮೋಟಾರನ್ನು ಗೋಣಿಯಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು, ಜ್ವರ ಬಂದ ಕೂಸನ್ನು ತಂದ ಹಾಗೆ ತರುತ್ತಿದ್ದರು. "ಎಷ್ಟೊತ್ತಿಗೆ ಆಗ್ತೈತ್ರಿ?" ಅಂತ ಅವರು ಕೇಳಿದರೆ ಹಯಾತ ತಲೆ ಎತ್ತದೆ, "ಅದರ ಹೊಟ್ಟಿ ಬಿಚ್ಚಿದ ಮ್ಯಾಲೆ ಹೇಳ್ತೇನಿ. ಮೊದಲ ನಿಮ್ಮ ಹೊಟ್ಟಿ ನೋಡ್ಕೋರಿ" ಅನ್ನುತ್ತಿದ್ದ. ಅವನ ಹೆಂಡತಿ ದಿಲ್ಶಾದ ಇರುವ ತನಕ ಮೋಟಾರು ತಂದವರಿಗೆಲ್ಲ ಊಟ. ಆಕೆ ಮಾಡುವ ಬದನೆಕಾಯಿ ಪಲ್ಯ... ಇರಲಿ, ಅದನ್ನು ಶುರು ಮಾಡಿದರೆ ಹೊತ್ತು ಮುಳುಗುತ್ತದೆ.

ಅವನ ಕೆಲಸ ಇಷ್ಟು. ಸುಟ್ಟ ತಂತಿಯನ್ನು ಕಿತ್ತು ತೆಗೆಯಬೇಕು, ಹೊಸ ತಾಮ್ರದ ತಂತಿಯನ್ನು ಅಚ್ಚಿಗೆ ಸುತ್ತಿ ಸುರುಳಿ ಮಾಡಬೇಕು, ಸುರುಳಿಗಳನ್ನು ಕಬ್ಬಿಣದ ಹಲ್ಲುಗಳ ಸಂದಿಯಲ್ಲಿ ಕೂರಿಸಿ ವಾರ್ನಿಶ್ ಕುಡಿಸಬೇಕು. ಯಾವ ಸುರುಳಿಗೆ ಎಷ್ಟು ಸುತ್ತು ಅನ್ನುವುದೇ ಜೀವ. ಹಯಾತ ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಎಡಗೈಯ ಎರಡು ಬೆರಳ ನಡುವೆ ತಂತಿ ಬಿಡುತ್ತ, ಬಾಯಲ್ಲಿ ಎಣಿಸುತ್ತಿದ್ದ. ಆ ಹೊತ್ತಿಗೆ ಯಾರಾದರೂ ಮಾತಾಡಿಸಿದರೆ ಕಣ್ಣಿನಿಂದಲೇ ಬಯ್ಯುತ್ತಿದ್ದ.

ಈಗ ಇದನ್ನು ಸರಿಯಾಗಿ ಕೇಳಿಸಿಕೋ. ಕಣದಲ್ಲಿ ಜೋಳ ಅಳೆಯುವಾಗ ನಮ್ಮ ಮನೆಯವರು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಆಮೇಲೆ ಎರಡು, ಮೂರು. ನೀನೂ ನೋಡಿದ್ದೀ. ಹಯಾತನ ಅಪ್ಪನೂ ತಂತಿ ಸುತ್ತುವಾಗ ಮೊದಲ ಸುತ್ತಿಗೆ "ಬರ್ಕತ್", ಅಂದರೆ ದೇವರ ಕೃಪೆ, ಅನ್ನುತ್ತಿದ್ದ. ಆದರೆ ಅವನು ಆಮೇಲೆ ಎರಡು ಅನ್ನುತ್ತಿರಲಿಲ್ಲ, ಒಂದು ಅನ್ನುತ್ತಿದ್ದ. ಬರ್ಕತ್ತಿನ ಸುತ್ತು ದೇವರದು, ನಮ್ಮ ಎಣಿಕೆ ಅದರ ಆಚೆಯಿಂದ ಅನ್ನುವುದು ಆ ಮನೆಯ ಪದ್ಧತಿ. ಹಾಗಾಗಿ ಆ ಅಂಗಡಿಯ ಪ್ರತಿ ಸುರುಳಿಗೂ ಒಂದು ಸುತ್ತು ಹೆಚ್ಚು. ಅದರಿಂದ ಯಾರಿಗೂ ಕೆಡುಕಾಗಲಿಲ್ಲ. ಒಂದು ಮೋಟಾರಿನ ಎಲ್ಲ ಸುರುಳಿಗಳನ್ನೂ ಒಂದೇ ಕೈ ಸುತ್ತುತ್ತಿತ್ತು, ಎಲ್ಲದಕ್ಕೂ ಒಂದೊಂದು ಹೆಚ್ಚು, ಜಗಳವೇ ಇಲ್ಲ. ಕಬ್ಬಿಣವೂ ಅಷ್ಟಿಷ್ಟನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಬದಲಿಗೆ, "ಹಯಾತಸಾಬನ ಮೋಟಾರು ಕೈ ಇಟ್ಟರ ತಣ್ಣಗ ಇರ್ತೈತಿ" ಅನ್ನುವ ಹೆಸರು ಬಂತು. ಆ ಹೆಸರು ಬರ್ಕತ್ತಿನ ಸುತ್ತಿನದೇ ಅಂತ ಹಯಾತ ನಂಬಿದ್ದ.

ದಿಲ್ಶಾದ ತೀರಿಕೊಂಡ ಮೇಲೆ ತಸ್ಲೀಮಾ ಅಂಗಡಿಗೆ ಬರತೊಡಗಿದಳು. ಹುಡುಗಿ ಏನು ಮಾಡೀತು ಅಂತ ಜನ ನಕ್ಕರು. ವರ್ಷದೊಳಗೆ ಅವಳ ಸುರುಳಿ ಹಯಾತನದಕ್ಕಿಂತ ಚಂದ ಬಂತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ, ಮಾತಾಡುತ್ತ ಎಣಿಕೆ ತಪ್ಪಿಸಿಕೊಂಡು, ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ಐದು ವರ್ಷದ ಹಿಂದೆ, ಬೇಸಿಗೆಯಲ್ಲಿ, ಸವಿತಾ ಬಂದಳು. ಹಂಸಭಾವಿಯ ಹೊಳೆವ್ವನ ಮಗಳು. ಕರೆಂಟಿನ ಎಂಜಿನಿಯರಿಂಗ್ ಓದಿ, ಗಾಳಿಯಂತ್ರ ಮಾಡುವ ಒಂದು ಸಣ್ಣ ಕಂಪನಿ ಸೇರಿದ್ದಳು. ಬಿಸಿಲಲ್ಲಿ ಬಂದು, ಮುರುಕು ಸ್ಟೂಲಿನ ಮೇಲೆ ಕೂತು, ಚೀಲದಿಂದ ಚಿತ್ರ ತೆಗೆದು ಹರವಿದಳು.

"ಕಾಕಾ, ದೊಡ್ಡ ಗಾಳಿಯಂತ್ರದ ನೆತ್ತಿ ಮ್ಯಾಲೆ ಜನರೇಟರ್ ಇರ್ತೈತಲ್ಲ, ಅದು ಎಷ್ಟು ಭಾರ ಗೊತ್ತೇನ್ರಿ? ಟ್ರ್ಯಾಕ್ಟರಿನ ಸಾಲು ನಿಲ್ಲಿಸಿದಂಗ."

"ಹಂಗಾರ ಮ್ಯಾಲೆ ಯಾಕ ಇಟ್ರಿ ಅದನ್ನ? ಕೆಳಗ ಇಡಬೇಕಿತ್ತು."

ಸವಿತಾ ನಕ್ಕಳು. "ನಮ್ಮವ್ವನೂ ಹಿಂಗ ಅಂತಾಳ. ರೆಕ್ಕಿ ಮ್ಯಾಲೆ ತಿರುಗ್ತಾವು ಕಾಕಾ, ಅದಕ್ಕ ಅಲ್ಲೇ ಇಡಬೇಕು. ಭಾರ ಆತಂದ್ರ ಕಂಬ ದಪ್ಪ ಬೇಕು, ಬುನಾದಿ ಆಳ ಬೇಕು. ಕೆಟ್ಟಿತಂದ್ರ ಇಳಿಸಾಕ ದೂರದಿಂದ ಕ್ರೇನ್ ಬರಬೇಕು. ಅದು ಬರೂತನಕ ಗಾಳಿ ಬೀಸಾಕತ್ತಿರ್ತೈತಿ, ರೆಕ್ಕಿ ಸುಮ್ನ ನಿಂತಿರ್ತಾವು."

ಅವಳ ಯೋಚನೆ ಬೇರೆ ಇತ್ತು. ಎರಡು ಆಯಸ್ಕಾಂತದ ಚಕ್ರ, ಅವುಗಳ ನಡುವೆ ತೆಳ್ಳಗೆ ಸುರುಳಿಗಳ ತಟ್ಟೆ. ಸುರುಳಿಗೆ ಕಬ್ಬಿಣದ ಹಲ್ಲೇ ಇಲ್ಲ, ಅಂಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದ ಬರೀ ತಾಮ್ರ. ತಟ್ಟೆಯೂ ಒಂದೇ ತುಂಡಲ್ಲ, ರೊಟ್ಟಿ ಮುರಿದ ಹಾಗೆ ಹೋಳು ಹೋಳು. ಒಂದು ಹೋಳು ಕೆಟ್ಟರೆ ಅದೊಂದನ್ನೇ ಬಿಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿ, ಬೇರೆಯದನ್ನು ಏರಿಸಿದರಾಯಿತು. ಕ್ರೇನ್ ಬೇಡ, ದೊಡ್ಡ ಕಾರ್ಖಾನೆಯೂ ಬೇಡ, ಹಯಾತನಂಥವನ ಅಂಗಡಿ ಸಾಕು. ತಡಸದ ಕಡೆ ಒಂದು ದಿನ್ನೆಯ ಮೇಲೆ ಸಣ್ಣ ಕಂಬ ನೆಟ್ಟು ಇದನ್ನು ಪರೀಕ್ಷೆ ಮಾಡಲು ಕಂಪನಿಯವರು ಒಪ್ಪಿದ್ದರು. ಒಂದೇ ಒಂದು ಸಲ. ಆಷಾಢದ ಗಾಳಿಯನ್ನು ತಾಳಿದರೆ ಮುಂದೆ ದೊಡ್ಡದು, ತಾಳದಿದ್ದರೆ ಸವಿತಾ ಆ ಮಾತು ಮರೆತುಬಿಡಬೇಕು.

"ಇಪ್ಪತ್ನಾಕು ಸುರುಳಿ ಬೇಕು ಕಾಕಾ. ಒಂದೊಂದಕ್ಕೂ ನಲವತ್ತು ಸುತ್ತು. ಮೂವತ್ತೊಂಬತ್ತೂ ಬ್ಯಾಡ, ನಲವತ್ತೊಂದೂ ಬ್ಯಾಡ."

"ನೀ ಹುಟ್ಟೂಕಿಂತ ಮೊದಲಿಂದ ಎಣಿಸಾಕತ್ತೇನಿ. ನಂಗ ಎಣಕಿ ಕಲಸಾಕ ಬಂದೀ ಏನು?"

ಸವಿತಾ ಕೆನ್ನೆ ಕೆನ್ನೆ ಬಡಿದುಕೊಂಡಳು. ಆದರೂ ಒಂದು ಹೊಸ ಸುತ್ತುವ ಯಂತ್ರ ತಂದಿದ್ದಳು, ತಿರುಗಿಸಿದಂತೆಲ್ಲ ಅಂಕಿ ತೋರಿಸುವಂಥದು. ಹಯಾತ ಅದನ್ನು ಹಿಂದೆ ಮುಂದೆ ನೋಡಿ ತಸ್ಲೀಮಾಳ ಮುಂದೆ ಸರಿಸಿದ. "ನೀ ಇಟ್ಕೋ. ನಿನ್ನ ಬಾಯಿ ಹರಟಿ ಹೊಡಿಯಾಕ ಬೇಕು, ಎಣಕಿ ಮಷೀನಿಗೆ ಬಿಡು."

"ಮಾಮು, ನಿಮಗ?"

"ನನ್ನ ಬಾಯಿ ಖಾಲಿ ಐತಿ."

ಹೀಗೆ ಹನ್ನೆರಡು ಸುರುಳಿ ಅವನು ಸುತ್ತಿದ, ಹನ್ನೆರಡು ಅವಳು. ಕೈಗೊಂದು ಬದಲಿ ಇರಲಿ ಅಂತ ಇಬ್ಬರೂ ಒಂದೊಂದು ಹೆಚ್ಚಿಗೆ ಸುತ್ತಿಟ್ಟರು. ಅವೇ ಇವು, ಈ ಚೀಲದಲ್ಲಿರುವವು. ಯಂತ್ರಕ್ಕೆ ಬರ್ಕತ್ ಗೊತ್ತಿಲ್ಲ, ತಸ್ಲೀಮಾಳ ಸುರುಳಿಗೆ ನಲವತ್ತಕ್ಕೆ ನಲವತ್ತೇ ಸುತ್ತು ಬಿದ್ದವು. ಹಯಾತ "ಬರ್ಕತ್" ಅಂದು, ಆಮೇಲೆ ಒಂದರಿಂದ ನಲವತ್ತು ಎಣಿಸಿದ. ಹೆಚ್ಚು ಹಾಕುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲೇ ಇಲ್ಲ, ಕೂಸೇ. ಊಟಕ್ಕೆ ಕೂತಾಗ ಬಿಸ್ಮಿಲ್ಲಾ ಅನ್ನುವುದನ್ನು ಯಾರಾದರೂ ಒಂದು ತುತ್ತು ಅಂತ ಎಣಿಸುತ್ತಾರೆಯೇ?

ಸವಿತಾ ಸುರುಳಿ ತೆಗೆದುಕೊಳ್ಳಲು ಬಂದಾಗ ಮೀಟರ್ ಹಚ್ಚಿ, ಎಲ್ಲದರಲ್ಲೂ ಕರೆಂಟು ಹರಿಯುತ್ತದೆಯೇ ನೋಡಿದಳು. ಹಯಾತನ ಸುರುಳಿಯೊಂದನ್ನು ಬೆರಳಲ್ಲಿ ಒತ್ತಿ, "ಸ್ವಲ್ಪ ದಪ್ಪ ಆಗೇತಲ್ಲ ಕಾಕಾ. ಟೇಪ್ ಜಾಸ್ತಿ ಸುತ್ತೀರೇನ್ರಿ?" ಅಂದಳು.

"ಹ್ಞೂಂ, ಬಿಗಿ ಇರಲಿ ಅಂತ."

ಅವಳು ಆ ಮಾತು ಅಲ್ಲಿಗೇ ಬಿಟ್ಟಳು. ಅವನ ಎಣಿಕೆಯನ್ನು ಎಣಿಸಿ ನೋಡುವುದು ಮರ್ಯಾದೆಯಲ್ಲ ಅನ್ನಿಸಿರಬೇಕು. ಒಂದನ್ನು ಬಿಚ್ಚಿ ನೋಡಿದ್ದರೆ! ಈ ಮಾತನ್ನು ಹಯಾತ ನನ್ನ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಅಂದಿದ್ದಾನೋ. "ಅಕ್ಕಾ, ಆ ಹುಡುಗಿ ನನ್ನ ಮ್ಯಾಲೆ ಅಷ್ಟು ನಂಬಕಿ ಇಡಬಾರದಿತ್ತು."

ಜ್ಯೇಷ್ಠದಲ್ಲಿ ಕಂಬ ಏರಿತು. ಮೊದಲ ವಾರಗಳಲ್ಲಿ ಗಾಳಿ ಮೆಲ್ಲಗಿತ್ತು, ಯಂತ್ರ ಚೆನ್ನಾಗಿಯೇ ತಿರುಗಿತು. ಕಂಬದ ಬುಡದಲ್ಲಿ ಒಂದು ಬಲ್ಬು ಹಗಲಿನಲ್ಲೂ ಉರಿಯುತ್ತಿತ್ತು. ಹಯಾತ ಮತ್ತು ತಸ್ಲೀಮಾ ಶಿಗ್ಗಾಂವಿಯಿಂದ ಟೆಂಪೋ ಹಿಡಿದು ಹೋಗಿ ನೋಡಿ ಬಂದರು. ಅವನು ವಾಪಸು ಬಂದ ದಿನ ಅವನ ಮುಖ ನೋಡಬೇಕಿತ್ತು. ನಲವತ್ತು ವರ್ಷ ಬಾವಿಯೊಳಗೆ ಇಳಿಯುವ ಮೋಟಾರು ಸುತ್ತಿದವನು, ಅವನ ಕೈಕೆಲಸ ಮೊದಲ ಸಲ ಆಕಾಶಕ್ಕೆ ಏರಿತ್ತು.

ಆಷಾಢ ಬಂತು. ಕಂಪನಿಯ ದೊಡ್ಡವರು ಬರುವ ದಿನವೇ ತಡಸದ ಗಾಳಿ ನೆತ್ತಿಗೇರಿತು. ಸವಿತಾ ಹಯಾತನನ್ನು ಮುಂದೆ ಕರೆದು, "ಇವರ ರೀ ನಮ್ಮ ಕಾಕಾ" ಅಂತ ಅವರಿಗೆ ತೋರಿಸಿದಳು. ರೆಕ್ಕೆಗಳು ಕಾಣದ ಹಾಗೆ ತಿರುಗುತ್ತಿದ್ದವು. ಎಲ್ಲರೂ ಬಲ್ಬನ್ನೂ ಮೀಟರನ್ನೂ ನೋಡುತ್ತ ನಿಂತಿದ್ದಾಗ ಹಯಾತನಿಗೆ ವಾಸನೆ ಬಂತು. ಸುಟ್ಟ ವಾರ್ನಿಶ್ ವಾಸನೆ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು?

"ನಿಲ್ಲಿಸ್ರಿ!" ಅಂತ ಕೂಗಿದ. "ಸವಿತಾ, ನಿಲ್ಲಿಸು ಅದನ್ನ!"

ಬ್ರೇಕು ಹಾಕುವಷ್ಟರಲ್ಲಿ ಮೇಲೆ ಹೊಗೆ ಕಂಡಿತು. ಕಂಬ ಹತ್ತುವ ಅಲ್ತಾಫ ಸರಸರ ಏರಿದ. ಅರ್ಧ ಗಂಟೆಯಲ್ಲಿ ಅವನೂ ಇನ್ನೊಬ್ಬನೂ ಸೇರಿ ಸುಟ್ಟ ಹೋಳುಗಳನ್ನು ಬಿಚ್ಚಿ, ರಾಟೆಗೆ ಹಗ್ಗ ಹಾಕಿ ಒಂದೊಂದಾಗಿ ಕೆಳಗಿಳಿಸಿದರು. ನೋಡು, ಸವಿತಾ ಹೇಳಿದ್ದು ಹೇಳಿದಂತೆಯೇ ನಡೆಯಿತು. ಕ್ರೇನ್ ಬೇಕಾಗಲಿಲ್ಲ, ಇಬ್ಬರೇ ಸಾಕಾದರು. ಆದರೆ ಅದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಕರಗಿ ಮುದ್ದೆಯಾದ ತಾಮ್ರವನ್ನೇ ನೋಡಿದರು. ಅದರಲ್ಲಿ ಸುತ್ತು ಎಣಿಸಲು ಏನೂ ಉಳಿದಿರಲಿಲ್ಲ.

"ಕಬ್ಬಿಣ ಇಲ್ಲದ ಯಂತ್ರ ಬಿಸಿ ತಡೆಯೋದಿಲ್ಲ, ನಾವು ಮೊದಲೇ ಹೇಳಿದ್ವಿ" ಅಂದರು ದೊಡ್ಡವರು. ಕಾರು ಹತ್ತಿ ಹೋದರು.

ಸವಿತಾ ಅಳಲಿಲ್ಲ. ಹಯಾತನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದಳು. "ತಪ್ಪು ನಂದು ಕಾಕಾ. ನನ್ನ ಲೆಕ್ಕಾನ ತಪ್ಪೇತಿ. ನಿಮ್ಮಂಥಾ ಕೈಕೆಲಸಾನೂ ಸುಟ್ಟು ಹಾಳ ಮಾಡಿದೆ. ಮನಸಿಗೆ ಹಚ್ಕೋಬ್ಯಾಡ್ರಿ."

ಇವನೇ ಅವಳಿಗೆ ಸಮಾಧಾನ ಹೇಳಿದ. ಆಗ ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ತಿಂಗಳ ಮೇಲೆ. ಅಂಗಡಿಯಲ್ಲಿ ಉಳಿದ ತಾಮ್ರವನ್ನು ತೂಗುತ್ತಿದ್ದಾಗ ಆ ಎರಡು ಬದಲಿ ಸುರುಳಿ ಸಿಕ್ಕವು. ತಸ್ಲೀಮಾ ಆಟಕ್ಕೆ ತನ್ನದನ್ನು ತಕ್ಕಡಿಯ ಒಂದು ತಟ್ಟೆಗೂ ಮಾಮುವಿನದನ್ನು ಇನ್ನೊಂದಕ್ಕೂ ಹಾಕಿದಳು. ಮುಳ್ಳು ಅವನ ಕಡೆ ವಾಲಿತು.

"ನಿಮ್ಮದು ಭಾರ ಐತಿ ಮಾಮು."

"ಟೇಪು."

ಅವಳು ಅಂಚಿನ ಟೇಪು ಸ್ವಲ್ಪ ಸರಿಸಿ, ಬೆಳಕಿಗೆ ಹಿಡಿದು ನೋಡಿದಳು. ಐದೈದು ಎಳೆಯ ಎಂಟು ಪದರ, ಅದು ನಲವತ್ತು. ಅವುಗಳ ಮೇಲೆ ಒಂಬತ್ತನೆಯ ಪದರದಲ್ಲಿ ಒಂದೇ ಒಂದು ಎಳೆ ಒಂಟಿಯಾಗಿ ಮಲಗಿತ್ತು. ತಸ್ಲೀಮಾ ಅವನ ಮುಖ ನೋಡಿದಳು. ಹಯಾತನ ತುಟಿ ತಾನಾಗಿ ಅಲುಗಿತು. "ಬರ್ಕತ್, ಒಂದು, ಎರಡು..." ಅಲ್ಲಿಗೇ ನಿಂತುಬಿಟ್ಟಿತು.

ಒಂದು ಸಾಲು ಅವನ ಸುರುಳಿ, ಒಂದು ಸಾಲು ಅವಳ ಸುರುಳಿ, ಎರಡು ಸಾಲನ್ನೂ ಒಂದೇ ನೊಗಕ್ಕೆ ಕಟ್ಟಿದ್ದರು. ಒಂದು ಎತ್ತು ಒಂದು ಹೆಜ್ಜೆ ಮುಂದೆ ಜಗ್ಗಿದರೆ ಗಾಡಿಗಿಂತ ಹೆಚ್ಚಾಗಿ ಜೊತೆಯ ಎತ್ತನ್ನೇ ಎಳೆಯುತ್ತದೆ. ಮೆಲ್ಲಗೆ ನಡೆಯುವಾಗ ಗೊತ್ತಾಗುವುದಿಲ್ಲ, ಓಡುವಾಗ ಕುತ್ತಿಗೆ ಕಿತ್ತುಹೋಗುತ್ತದೆ. ಹಾಗೆ ಹೊರಗೆ ಹೋಗಬೇಕಾದ ಕರೆಂಟು ಒಳಗೇ ಸುತ್ತಿ ಬೆಂಕಿಯಾಯಿತು. ಕಬ್ಬಿಣ ಇದ್ದ ಯಂತ್ರವಾದರೆ ಸ್ವಲ್ಪ ತಡೆದುಕೊಳ್ಳುತ್ತಿತ್ತೋ ಏನೋ. ಹಗುರಾಗಲಿ ಅಂತ ಅದನ್ನೇ ತೆಗೆದಿದ್ದರು. ಸವಿತಾಳ ಲೆಕ್ಕ ತಪ್ಪಿರಲಿಲ್ಲ.

"ಫೋನ್ ಹಚ್ರಿ ಮಾಮು, ಈಗ ಹೇಳ್ರಿ ಅಕಿಗೆ" ಅಂದಳು ತಸ್ಲೀಮಾ.

"ಹೇಳ್ತೇನಿ. ನಾಳೆ ಹೇಳ್ತೇನಿ."

ನಾಳೆ ಶುಕ್ರವಾರ ಬಂತು, ನಾಡಿದ್ದು ಯಾರದೋ ಮೋಟಾರು ಬಂತು. ಅವನು ಕೆಟ್ಟವನಲ್ಲ, ಕೂಸೇ. ಅವನ ಅಪ್ಪನ ಬಾಯಿಂದ ಬಂದ ಮಾತು ಅದು, ಅದೇ ತಪ್ಪು ಅಂತ ಹೇಳುವುದು ಅವನಿಗೆ ಗೋರಿ ಅಗೆದ ಹಾಗೆ ಅನ್ನಿಸಿತು. ಇನ್ನೊಂದು, "ಹಯಾತಸಾಬನ ಎಣಕಿ ತಪ್ಪಿತ್ತಂತ" ಅನ್ನುವ ಮಾತು ಎಲೆತೋಟದಲ್ಲಿ ಹಬ್ಬಿದರೆ ಅಂಗಡಿ ಏನಾದೀತು? ತಸ್ಲೀಮಾ ಎರಡು ತಿಂಗಳು ಕಾದಳು. ಒಂದು ದಿನ ಟೇಪನ್ನು ಮೊದಲಿನ ಹಾಗೆ ಸುತ್ತಿ, ಎರಡೂ ಸುರುಳಿ ಅವನ ಮುಂದಿಟ್ಟಳು.

"ನೀವು ಹೇಳೂತನಕ ನಾ ಈ ಅಂಗಡಿಯೊಳಗ ತಂತಿ ಮುಟ್ಟೂದಿಲ್ಲ."

ಮುಟ್ಟಲಿಲ್ಲ. ಈಗ ಮದುವೆಯಾಗಿ ಬಂಕಾಪುರದಲ್ಲಿದ್ದಾಳೆ. ಮನೆಯ ಮುಂದಿನ ಕೋಣೆಯಲ್ಲೇ ಮೋಟಾರು ಸುತ್ತುತ್ತಾಳೆ. ಹಬ್ಬಕ್ಕೆ ಬರುತ್ತಾಳೆ, ಮಾಮುವಿಗೆ ಸಲಾಂ ಹೇಳುತ್ತಾಳೆ, ಅಂಗಡಿಯ ಕಡೆ ತಿರುಗಿ ನೋಡುವುದಿಲ್ಲ.

ಆ ಕಂಪನಿಯವರು ಸವಿತಾಳ ಕೆಲಸ ನಿಲ್ಲಿಸಿದರು. ಈಗ ಹಿರೇಕೆರೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ. ಆ ಚಿತ್ರಗಳನ್ನೆಲ್ಲ ಸುರುಳಿ ಸುತ್ತಿ ತವರಿನ ಅಟ್ಟದ ಮೇಲೆ ಇಟ್ಟಿದ್ದಾಳಂತೆ. ಇದು ಹಯಾತನಿಗೆ ಹೇಗೆ ಗೊತ್ತು ಅಂತೀಯಾ? ಅವನು ಹಂಸಭಾವಿಗೆ ಹೋಗಿದ್ದ, ಎರಡು ವರ್ಷದ ಹಿಂದೆ, ಇದೇ ಚೀಲ ಹಿಡಿದುಕೊಂಡು. ಸವಿತಾ ಮನೆಯಲ್ಲಿ ಇರಲಿಲ್ಲ. ಹೊಳೆವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಸವಣೂರಿನ ಹಯಾತ ಅಂದದ್ದೇ ತಡ, ಎದ್ದು ಕಂಬಳಿ ಹಾಸಿದಳು.

"ಬರ್ರಿ ಅಣ್ಣಾರ, ಕುಂಡ್ರಿ. ನಮ್ಮ ಸವಿತಾ ದಿನಾ ನಿಮ್ಮ ಹೆಸರ ತಗೀತಾಳ. ನನ್ನ ಲೆಕ್ಕಾ ತಪ್ಪಿತವ್ವ, ಕಾಕಾರ ಕೈ ಮಾತ್ರ ತಪ್ಪಿದ್ದಿಲ್ಲ ಅಂತಾಳ."

ಹಯಾತ ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಕೂತ. ಚೀಲ ಮೊಣಕಾಲ ಮೇಲಿತ್ತು.

"ಒಂದ ಸುಟ್ಟರ ಮತ್ತೊಂದು ಮಾಡಬೇಕಿಲ್ಲೇನು ಅಂದೆ" ಅಂದಳು ಹೊಳೆವ್ವ. "ಬುಡಾನ ತಪ್ಪೇತಿ, ಮತ್ತ ಮಾಡಿ ಉಪಯೋಗಿಲ್ಲ ಅಂತಾಳ. ಬುಡ ಸರಿ ಐತಿ ಅಂತ ಯಾರರೆ ಹೇಳಿದ್ರ ಇವತ್ತ ಅಟ್ಟಾ ಹತ್ತತಾಳ ನೋಡ್ರಿ."

ಹಯಾತ ಚಹಾ ಕುಡಿದ, ಬಟ್ಟಲು ಕೆಳಗಿಟ್ಟ, "ಮತ್ತ ಬರ್ತೇನಿ ತಂಗಿ" ಅಂದು ಎದ್ದುಬಂದ. ಹೊಳೆವ್ವ ಚೀಲದಲ್ಲಿ ಏನಿದೆ ಅಂತ ಕೂಡ ಕೇಳಲಿಲ್ಲ, ಮೇಲೆ ಒಂದಿಷ್ಟು ಮೆಣಸಿನಕಾಯಿ ಹಾಕಿ ಕಳಿಸಿದಳು. ಹೋದ ವರ್ಷ ಮತ್ತೊಮ್ಮೆ ಹೋದ. ಆ ಸಲ ಹಂಸಭಾವಿಯಲ್ಲಿ ಬಸ್ಸಿನಿಂದ ಇಳಿಯಲೇ ಇಲ್ಲ. ಹಿರೇಕೆರೂರಿನ ತನಕ ಹೋಗಿ, ನಿಲ್ದಾಣದಲ್ಲಿ ಕೂತು, ಅದೇ ಬಸ್ಸಿಗೆ ಹಿಂದಿರುಗಿದ.

ಈಗ ಅವನ ಬೆರಳು ನಡುಗುತ್ತವೆ. ತಂತಿ ನಿಲ್ಲುವುದಿಲ್ಲ. ಅಂಗಡಿಯ ಬಾಗಿಲು ಮುಚ್ಚಿ ಆರು ತಿಂಗಳಾಯಿತು. ಕಾಪಾಡಬೇಕಾದ ಹೆಸರು ಯಾವುದು ಉಳಿದಿದೆ, ಹೇಳು? ನಿನ್ನೆ ಸಂಜೆ ಬಂದು ಈ ಚೀಲ ನನ್ನ ಮುಂದಿಟ್ಟ. "ಅಕ್ಕಾ, ಇದನ್ನ ಯಾರ ಕೈಯಾಗರೆ ಕಳಿಸಿಬಿಡು" ಅಂದ.

"ನಿನ್ನ ಬಾಯಿ ಎಲ್ಲಿಗೆ ಕಳಿಸ್ಲಿ?" ಅಂದೆ.

ಚೀಲವನ್ನು ನನ್ನ ಕಡೆ ಇನ್ನಷ್ಟು ಸರಿಸಿದ. ಆಮೇಲೆ, "ಯಾರರೆ ಜೋಡಿ ಬಂದ್ರ ಹೋಗ್ತೇನಿ" ಅಂದ.

ಅದಕ್ಕೇ ನಿನ್ನನ್ನು ಕರೆಸಿದ್ದು. ರವಿವಾರ ಸವಿತಾ ತವರಿನಲ್ಲಿರುತ್ತಾಳೆ. ಬೆಳಗಿನ ಬಸ್ಸಿಗೆ ಅವನನ್ನು ಕರೆದುಕೊಂಡು ಹೋಗು, ಹಾವೇರಿಯಲ್ಲಿ ಬಸ್ಸು ಬದಲಿಸಬೇಕು. ಚೀಲ ನಿನ್ನ ಕೈಯಲ್ಲೇ ಇರಲಿ, ಅವನಿಗೆ ಕೊಟ್ಟರೆ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಾನೆ. ಹಂಸಭಾವಿ ಬಂದಾಗ ಅವನು ನಿದ್ದೆ ಬಂದ ಹಾಗೆ ಮಾಡಿದರೆ ತೋಳು ಹಿಡಿದು ಎಬ್ಬಿಸು. ಹೊಳೆವ್ವ ಚಹಾ ತರುತ್ತಾಳೆ, ಆಮೇಲೆ ಕೊಡಿ ಅನ್ನು, ಚಹಾ ಕುಡಿದರೆ ಅವನು ಎದ್ದುಬಿಡುತ್ತಾನೆ. ಎರಡೂ ಸುರುಳಿಯನ್ನು ಸವಿತಾಳ ಕೈಗೆ ಕೊಟ್ಟು, ಅವಳೇ ಬಿಚ್ಚಿ ಎಣಿಸಲಿ ಅಂತ ಹೇಳು. ಅವನು ಪಕ್ಕದಲ್ಲೇ ಕೂತಿರಲಿ. ಬರುವಾಗ ಬಂಕಾಪುರದಲ್ಲಿ ಇಳಿದು, ತಸ್ಲೀಮಾಳ ಮನೆಯಲ್ಲಿ ಅವನನ್ನು ಬಿಟ್ಟು ಬಾ.